ಕೇಳಿದ ಕಡತ ಕೊಡುವ ಗುಮಾಸ್ತ: ವೆಬ್ ಸರ್ವರ್ ಸಜ್ಜುಗೊಳಿಸುವ ಬಗೆ

ಬ್ರೌಸರ್‌ನಲ್ಲಿ ಜಾಲತಾಣವೊಂದರ ವಿಳಾಸ ಬೆರಳಚ್ಚಿಸಿ ಎಂಟರ್ ಕೀಲಿ ಒತ್ತುತ್ತೇವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ತೆರೆದುಕೊಳ್ಳುತ್ತದೆ. ಸರಳ ತಾಣಗಳಲ್ಲಿ ಆ ಪುಟವೆಂದರೆ ಎಲ್ಲೋ ದೂರದ ಗಣಕಯಂತ್ರವೊಂದರ ಡಿಸ್ಕ್‌ನಲ್ಲಿರುವ ಒಂದು ಕಡತ, ಅಷ್ಟೇ. ಅದೇ ಯಂತ್ರದಲ್ಲಿ ಇನ್ನೂ ಸಾವಿರಾರು ಕಡತಗಳಿರುತ್ತವೆ. ಅವುಗಳಲ್ಲಿ ಸದಸ್ಯರ ಪಟ್ಟಿ, ಲೆಕ್ಕಪತ್ರ, ಪಾಸ್‌ವರ್ಡ್‌ಗಳೂ ಇರಬಹುದು. ಇವುಗಳಲ್ಲಿ ಯಾವುದನ್ನು ಹೊರಗಿನವರ ಕೈಗಿಡಬೇಕು, ಯಾವುದನ್ನು ಕೊಡಬಾರದು ಎಂದು ತೀರ್ಮಾನಿಸುವವರು ಯಾರು?

ಉತ್ತರ: ವೆಬ್ ಸರ್ವರ್ ಎಂಬ ತಂತ್ರಾಂಶ ಹಾಗೂ ಅದಕ್ಕೆ ನಾವೇ ಬರೆದುಕೊಟ್ಟ ಕೆಲವು ಸಾಲುಗಳ ಆದೇಶ.

ಶಾಲೆ, ಸಹಕಾರ ಸಂಘ, ಬಡಾವಣೆಯ ನಿವಾಸಿಗಳ ಸಂಘ, ಸಣ್ಣ ವ್ಯಾಪಾರಿ ಎಲ್ಲರೂ ಇಂದು ಸ್ವಂತ ಜಾಲತಾಣ ಹೊಂದಿದ್ದಾರೆ. ತಿಂಗಳ ಬಾಡಿಗೆಗೆ ಸರ್ವರ್ ಪಡೆದು, ಪರಿಚಯದ ಹುಡುಗನೊಬ್ಬನಿಂದ ಅದನ್ನು ಸಜ್ಜುಗೊಳಿಸಿಕೊಳ್ಳುವುದೂ ಸಾಮಾನ್ಯವಾಗಿದೆ. ಹೀಗಾಗಿ ಈ ಆದೇಶಗಳ ಮರ್ಮವನ್ನು ತಾಣದ ಹೊಣೆ ಹೊತ್ತವರೂ ಅರಿತಿರುವುದು ಒಳ್ಳೆಯದು.

ಗುಮಾಸ್ತನ ಕೆಲಸ

ಕಚೇರಿಯ ದಾಖಲೆ ಕೊಠಡಿಯ ಕಿಟಕಿಯಲ್ಲಿ ಕುಳಿತ ಗುಮಾಸ್ತನನ್ನು ಕಲ್ಪಿಸಿಕೊಳ್ಳಿ. ಬಂದವರು ಚೀಟಿಯಲ್ಲಿ ಕಡತದ ಹೆಸರು ಬರೆದುಕೊಡುತ್ತಾರೆ. ಆತ ಒಳಗೆ ಹೋಗಿ ಹುಡುಕಿ ತಂದುಕೊಡುತ್ತಾನೆ. ವೆಬ್ ಸರ್ವರ್ ಮಾಡುವುದೂ ಇದನ್ನೇ. ಬ್ರೌಸರ್ ಕಳುಹಿಸುವ ಚೀಟಿಗೆ ಕೋರಿಕೆ ಎಂದು ಹೆಸರು. ಆ ಚೀಟಿಯ ಒಕ್ಕಣೆ ಹೇಗಿರಬೇಕೆಂದು ವಿಧಿಸುವ ನಿಯಮಾವಳಿಯೇ ಎಚ್‌ಟಿಟಿಪಿ. ಕಡತ ಸಿಕ್ಕರೆ ಸರ್ವರ್ 200 ಎಂಬ ಸಂಕೇತದೊಂದಿಗೆ ಅದನ್ನು ರವಾನಿಸುತ್ತದೆ. ಸಿಗದಿದ್ದರೆ 404, ಇದ್ದರೂ ಕೊಡಲು ಅನುಮತಿ ಇಲ್ಲದಿದ್ದರೆ 403 ಎಂದು ಉತ್ತರಿಸುತ್ತದೆ.

ಇಂತಹ ಮೊದಲ ಸರ್ವರ್ ಅನ್ನು ಟಿಮ್ ಬರ್ನರ್ಸ್-ಲೀ ಅವರು 1990ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಶೋಧನಾ ಕೇಂದ್ರದಲ್ಲಿ ನೆಕ್ಸ್ಟ್ ಕಂಪ್ಯೂಟರ್ ಒಂದರ ಮೇಲೆ ನಡೆಸಿದರು. ಯಾರೂ ಅಪ್ಪಿತಪ್ಪಿ ಆರಿಸದಿರಲೆಂದು ಆ ಯಂತ್ರಕ್ಕೆ ಎಚ್ಚರಿಕೆಯ ಚೀಟಿ ಅಂಟಿಸಲಾಗಿತ್ತು. ಮುಂದೆ 1995ರಲ್ಲಿ ಅಪಾಚೆ ಬಂದಿತು. ಇಗೊರ್ ಸಿಸೊಯೆವ್ ಎಂಬ ರಷ್ಯನ್ ತಂತ್ರಜ್ಞರು 2004ರಲ್ಲಿ ಎಂಜಿನ್‌ಎಕ್ಸ್ ತಂತ್ರಾಂಶವನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡಿದರು. ಇವೆರಡೂ ಉಚಿತವಾಗಿ ದೊರೆಯುವಂಥವು ಮತ್ತು ವ್ಯಾಪಕ ಬಳಕೆಯಲ್ಲಿರುವಂಥವು.

ಗುಮಾಸ್ತನಿಗೆ ಸ್ವಂತ ವಿವೇಚನೆ ಇಲ್ಲ ಎಂಬುದು ಇಲ್ಲಿ ಮುಖ್ಯ. ಆತ ಆದೇಶ ಪುಸ್ತಕದಲ್ಲಿ ಇರುವಂತೆ ನಡೆದುಕೊಳ್ಳುತ್ತಾನೆ. ಆ ಪುಸ್ತಕಕ್ಕೆ ಕಾನ್ಫಿಗರೇಷನ್ ಕಡತ ಎನ್ನುತ್ತಾರೆ. ಅದರಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗಿರಬೇಕು: ಎಲ್ಲಿಂದ ಕೊಡಬೇಕು, ಏನೆಂದು ಹೇಳಿ ಕೊಡಬೇಕು, ಯಾವುದನ್ನು ಕೊಡಬಾರದು.

ಮೊದಲ ಆದೇಶ: ಎಲ್ಲಿಂದ ಕೊಡಬೇಕು

ಯಂತ್ರದ ಯಾವ ಕೋಶದಿಂದ ಕಡತಗಳನ್ನು ಕೊಡಬೇಕೆಂದು ಸೂಚಿಸುವ ಸಾಲಿಗೆ ಅಪಾಚೆಯಲ್ಲಿ ಡಾಕ್ಯುಮೆಂಟ್‌ರೂಟ್ ಎಂದೂ ಎಂಜಿನ್‌ಎಕ್ಸ್‌ನಲ್ಲಿ ರೂಟ್ ಎಂದೂ ಹೆಸರು. ಇದನ್ನು ಮೂಲ ಕೋಶ ಎನ್ನೋಣ. ವಿಳಾಸದಲ್ಲಿ ತಾಣದ ಹೆಸರಿನ ನಂತರ ಬರುವ ಭಾಗವನ್ನು ಸರ್ವರ್ ಈ ಕೋಶಕ್ಕೆ ಜೋಡಿಸಿ ಓದುತ್ತದೆ. ವಿಳಾಸದ ಕೊನೆಯಲ್ಲಿ ‘ಚಿತ್ರ’ ಎಂಬ ಕೋಶ, ಅದರೊಳಗಿನ ‘ಒಂದು’ ಎಂಬ ಕಡತ ಇದೆ ಎಂದುಕೊಳ್ಳಿ. ಆಗ ಮೂಲ ಕೋಶದ ಒಳಗಿರುವ ಚಿತ್ರ ಕೋಶದಿಂದ ಆ ಕಡತ ಹೊರಬರುತ್ತದೆ.

ಓದುಗ ಕಡತದ ಹೆಸರನ್ನೇ ಹೇಳದೆ ಬರೀ ತಾಣದ ಹೆಸರು ನೀಡಿದರೆ? ಆಗ ಯಾವುದನ್ನು ಕೊಡಬೇಕೆಂಬುದಕ್ಕೂ ಒಂದು ಸಾಲು ಇರುತ್ತದೆ. ರೂಢಿಯಲ್ಲಿ ಇದು ಇಂಡೆಕ್ಸ್ ಎಂಬ ಹೆಸರಿನ ಎಚ್‌ಟಿಎಂಎಲ್ ಕಡತ. ನಾವು ಮುಖಪುಟ ಎನ್ನುವುದು ಇದನ್ನೇ.

ಪರಿಪಾಠ ಹೀಗಿರಲಿ: ಜಗತ್ತಿಗೆ ತೋರಿಸಬೇಕಾದ್ದು ಮಾತ್ರ ಮೂಲ ಕೋಶದೊಳಗಿರಬೇಕು. ದತ್ತಸಂಚಯದ ನಕಲು ಪ್ರತಿ, ಹಳೆಯ ಜಿಪ್ ಕಡತ, ಪಾಸ್‌ವರ್ಡ್ ಬರೆದಿಟ್ಟ ಕಡತ ಇತ್ಯಾದಿ ಅದರ ಹೊರಗಿರಬೇಕು. ಕೊಂಡಿ ಕೊಟ್ಟಿಲ್ಲವಾದ್ದರಿಂದ ಯಾರಿಗೂ ಕಾಣದು ಎಂದು ಅನೇಕರು ಭಾವಿಸುತ್ತಾರೆ. ಸರ್ವರ್ ಕೊಂಡಿಯನ್ನು ನೋಡುವುದಿಲ್ಲ, ಹೆಸರನ್ನಷ್ಟೇ ನೋಡುತ್ತದೆ. ‘ಬ್ಯಾಕಪ್’ ಎಂಬಂತಹ ಸುಲಭದ ಹೆಸರುಗಳನ್ನು ಹಗಲಿರುಳೂ ಊಹಿಸಿ ಕೇಳುತ್ತಿರುವ ಸ್ವಯಂಚಾಲಿತ ತಂತ್ರಾಂಶಗಳು ಅಂತರಜಾಲದಲ್ಲಿ ಬೇಕಾದಷ್ಟಿವೆ.

ಎರಡನೇ ಆದೇಶ: ಏನೆಂದು ಹೇಳಿ ಕೊಡಬೇಕು

ಸರ್ವರ್ ಕಡತವನ್ನು ಬರಿಗೈಯಲ್ಲಿ ಕೊಡುವುದಿಲ್ಲ. ಅದರ ಮೇಲೊಂದು ಚೀಟಿ ಅಂಟಿಸುತ್ತದೆ. ಇದು ಎಚ್‌ಟಿಎಂಎಲ್ ಪುಟ, ಇದು ಜೆಪೆಗ್ ಚಿತ್ರ, ಇದು ಪಿಡಿಎಫ್ ಎಂಬುದನ್ನು ಆ ಚೀಟಿ ತಿಳಿಸುತ್ತದೆ. ಚೀಟಿಗೆ ಕಂಟೆಂಟ್-ಟೈಪ್ ಎಂದು ಹೆಸರು. ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿ ಸರ್ವರ್ ಇದನ್ನು ತೀರ್ಮಾನಿಸುತ್ತದೆ. ಚೀಟಿ ತಪ್ಪಾದರೆ ಪರಿಣಾಮವೂ ವಿಚಿತ್ರ. ಪುಟದ ಅಲಂಕಾರ ವಿವರಿಸುವ ಸಿಎಸ್‌ಎಸ್ ಕಡತವನ್ನು ಬರೀ ಪಠ್ಯವೆಂದು ಕಳುಹಿಸಿದರೆ ಈಗಿನ ಬ್ರೌಸರ್‌ಗಳು ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪುಟ ಬೋಳುಬೋಳಾಗಿ ಕಾಣುತ್ತದೆ. ತೆರೆದು ತೋರಿಸಬೇಕಾದ ಕಡತಕ್ಕೆ ‘ಗೊತ್ತಿಲ್ಲದ ಬಗೆ’ ಎಂಬ ಚೀಟಿ ಬಿದ್ದರೆ ಬ್ರೌಸರ್ ಅದನ್ನು ತೋರಿಸುವ ಬದಲು ಡೌನ್‌ಲೋಡ್ ಮಾಡುತ್ತದೆ.

ಇದಕ್ಕಿಂತ ಗಂಭೀರವಾದುದೂ ಇದೆ. ಪಿಎಚ್‌ಪಿ ಭಾಷೆಯ ಕಡತಗಳನ್ನು ಸರ್ವರ್ ಮೊದಲು ಚಾಲನೆ ಮಾಡಿ, ಬಂದ ಫಲಿತಾಂಶವನ್ನು ಕೊಡಬೇಕು. ಆ ವ್ಯವಸ್ಥೆಯನ್ನು ಅಳವಡಿಸದೆ ಬಿಟ್ಟರೆ ಕಡತದ ಒಳಗಿನ ಸೂಚನೆಗಳೇ ಹೊರಗೆ ಹೋಗುತ್ತವೆ. ಅದರಲ್ಲಿ ದತ್ತಸಂಚಯದ ಪಾಸ್‌ವರ್ಡ್ ಬರೆದಿದ್ದರೆ ಅದೂ ಹೋದಂತೆಯೇ.

ಕನ್ನಡ ಕೆಡುವುದು ಇಲ್ಲಿಯೇ

ಇದೇ ಚೀಟಿಯಲ್ಲಿ ಅಕ್ಷರ ಸಂಕೇತ ಯಾವುದೆಂದೂ ಬರೆಯಬಹುದು. ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಂದಿನ ಕನ್ನಡ ಪುಟಗಳು ಯುನಿಕೋಡ್‌ನ ಯುಟಿಎಫ್-8 ಸಂಕೇತದಲ್ಲಿರುತ್ತವೆ. ಅದರಲ್ಲಿ ‘ಕ’ ಎಂಬ ಅಕ್ಷರ 224, 178, 149 ಎಂಬ ಮೂರು ಬೈಟ್‌ಗಳಾಗಿ ಶೇಖರವಾಗುತ್ತದೆ. ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆಗೂ ಹೀಗೆ ಮೂರು ಬೈಟ್ ಬೇಕು. ಮೊದಲನೆಯದು ಸದಾ 224, ಎರಡನೆಯದು 178 ಅಥವಾ 179.

ಚೀಟಿಯಲ್ಲಿ ಪಶ್ಚಿಮ ಯುರೋಪಿನ ಭಾಷೆಗಳ ಐಎಸ್‌ಒ-8859-1 ಸಂಕೇತವೆಂದು ಬರೆದಿದ್ದರೆ ಬ್ರೌಸರ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದುತ್ತದೆ. ಆಗ 224 ಎಂಬುದು ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ‘ಎ’ ಆಗುತ್ತದೆ, 178 ಎಂಬುದು ವರ್ಗಸೂಚಕ ಸಣ್ಣ ಎರಡಾಗುತ್ತದೆ. ಪುಟದ ತುಂಬ ಈ ಜೋಡಿ ಮತ್ತೆ ಮತ್ತೆ ಕಂಡರೆ ಕನ್ನಡ ಸುರಕ್ಷಿತವಾಗಿದೆ, ಚೀಟಿ ಮಾತ್ರ ತಪ್ಪಿದೆ ಎಂದು ತಿಳಿಯಬೇಕು.

ಪುಟದೊಳಗೆ ಯುಟಿಎಫ್-8 ಎಂದು ಬರೆದಿದ್ದರೂ ಸರ್ವರ್ ಬೇರೆ ಹೇಳಿದರೆ ಬ್ರೌಸರ್ ಸಾಮಾನ್ಯವಾಗಿ ಸರ್ವರ್‌ನ ಮಾತನ್ನೇ ಮಾನ್ಯ ಮಾಡುತ್ತದೆ. ಅಪಾಚೆ 2.0 ಆವೃತ್ತಿಯ ಆರಂಭದ ದಿನಗಳಲ್ಲಿ ಜತೆಗೆ ಬರುತ್ತಿದ್ದ ಮಾದರಿ ಆದೇಶ ಕಡತದಲ್ಲಿ ಐಎಸ್‌ಒ-8859-1 ಎಂದೇ ಇತ್ತು. ಇಂಗ್ಲಿಷಿಗೆ ಅದರಿಂದ ಬಾಧೆಯಿರಲಿಲ್ಲ. ಇತರ ಲಿಪಿಗಳಿಗೆ ಅದು ತೊಡಕಾಗುತ್ತಿತ್ತು. ಮುಂದೆ ಆ ಸಾಲನ್ನು ಕೈಬಿಡಲಾಯಿತು. ಪರಿಹಾರ ಒಂದೇ ಸಾಲಿನದು: ಅಪಾಚೆಯಲ್ಲಿ ಆಡ್‌ಡೀಫಾಲ್ಟ್‌ಚಾರ್‌ಸೆಟ್ ಎಂಬ ಆದೇಶಕ್ಕೆ, ಎಂಜಿನ್‌ಎಕ್ಸ್‌ನಲ್ಲಿ ಚಾರ್‌ಸೆಟ್ ಎಂಬುದಕ್ಕೆ ಯುಟಿಎಫ್-8 ಎಂದು ನಮೂದಿಸಿದರೆ ಸಾಕು.

ಮೂರನೇ ಆದೇಶ: ಯಾವುದನ್ನು ಕೊಡಬಾರದು

ಕೋಶವೊಂದರಲ್ಲಿ ಮುಖಪುಟದ ಕಡತವೇ ಇಲ್ಲದಿದ್ದರೆ ಸರ್ವರ್ ಎರಡರಲ್ಲಿ ಒಂದನ್ನು ಮಾಡಬಹುದು: 403 ಎಂದು ನಿರಾಕರಿಸಬಹುದು, ಇಲ್ಲವೇ ಕೋಶದಲ್ಲಿರುವ ಎಲ್ಲ ಕಡತಗಳ ಪಟ್ಟಿಯನ್ನೇ ತೋರಿಸಬಹುದು. ಎಂಜಿನ್‌ಎಕ್ಸ್‌ನಲ್ಲಿ ಪಟ್ಟಿ ತೋರಿಸುವ ಸೌಲಭ್ಯವನ್ನು ನಾವಾಗಿ ಕೇಳಿದರೆ ಮಾತ್ರ ಸಿಗುತ್ತದೆ. ಉಬುಂಟು ಹಾಗೂ ಡೆಬಿಯನ್ ಜತೆ ಬರುವ ಅಪಾಚೆಯ ಆದೇಶ ಕಡತದಲ್ಲಿ ತಾಣದ ಕೋಶಗಳಿಗೆ ಇಂಡೆಕ್ಸಸ್ ಎಂಬ ಪದವಿರುತ್ತದೆ. ಅಂದರೆ ಪಟ್ಟಿ ತೋರಿಸಲು ಒಪ್ಪಿಗೆ ಕೊಟ್ಟಂತೆ. ಅರ್ಜಿದಾರರು ಸಲ್ಲಿಸಿದ ಗುರುತಿನ ಚೀಟಿಗಳ ಪ್ರತಿಗಳು ಅಂತಹ ಕೋಶದಲ್ಲಿದ್ದರೆ ಒಂದೊಂದನ್ನೂ ಊಹಿಸುವ ಶ್ರಮವೂ ಕಳ್ಳನಿಗಿಲ್ಲ. ಆ ಪದವನ್ನು ತೆಗೆದುಹಾಕಬೇಕು.

ರೋಬಾಟ್ಸ್ ಎಂಬ ಪಠ್ಯ ಕಡತದಲ್ಲಿ ಕೋಶದ ಹೆಸರು ಬರೆದು ‘ಇಲ್ಲಿಗೆ ಬರಬೇಡಿ’ ಎಂದರೆ ರಕ್ಷಣೆಯಾಯಿತೆಂದು ತಿಳಿಯುವವರಿದ್ದಾರೆ. ಅದು ಶೋಧಯಂತ್ರಗಳಿಗೆ ಮಾಡುವ ವಿನಂತಿ ಮಾತ್ರ. ಯಾರು ಬೇಕಾದರೂ ಓದಬಹುದಾದ ಆ ಕಡತ ಬೆಲೆಬಾಳುವ ವಸ್ತು ಎಲ್ಲಿದೆ ಎಂದು ಕಳ್ಳನಿಗೆ ಬರೆದುಕೊಟ್ಟಂತಾಗುತ್ತದೆ.

403 ಬಂದಾಗ ಹೊಸಬರು ಮಾಡುವ ಇನ್ನೊಂದು ಅವಸರವಿದೆ. ಲಿನಕ್ಸ್‌ನಲ್ಲಿ ಸರ್ವರ್ ಸೀಮಿತ ಅಧಿಕಾರದ ಪ್ರತ್ಯೇಕ ಬಳಕೆದಾರನಾಗಿ ಕೆಲಸ ಮಾಡುತ್ತದೆ. ಅದಕ್ಕೆ ಕಡತ ಓದಲಾಗದಿದ್ದರೆ 777 ಎಂಬ ಅನುಮತಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇದರಿಂದ ಯಂತ್ರದಲ್ಲಿರುವ ಯಾವುದೇ ಬಳಕೆದಾರ ಆ ಕಡತವನ್ನು ತಿದ್ದಬಹುದು. ಸಾಮಾನ್ಯ ಕಡತಗಳಿಗೆ 644, ಕೋಶಗಳಿಗೆ 755 ಸಾಕಾಗುತ್ತದೆ.

2021ರ ಪಾಠ

ನಿರಾಕರಣೆಯ ಆದೇಶ ಎಷ್ಟು ಬೆಲೆಯುಳ್ಳದ್ದು ಎಂಬುದು 2021ರಲ್ಲಿ ಸಾಬೀತಾಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಂದ ಅಪಾಚೆ 2.4.49 ಆವೃತ್ತಿಯಲ್ಲಿ ವಿಳಾಸವನ್ನು ಪರಿಶೀಲಿಸುವ ಭಾಗದಲ್ಲಿ ದೋಷವಿತ್ತು. ‘ಒಂದು ಮೆಟ್ಟಿಲು ಮೇಲಿನ ಕೋಶ’ ಎಂಬರ್ಥದ ಎರಡು ಚುಕ್ಕೆಗಳನ್ನು ಸಂಕೇತ ರೂಪದಲ್ಲಿ ಮರೆಮಾಚಿ ಕೇಳಿದರೆ, ಸರ್ವರ್ ಮೂಲ ಕೋಶದ ಗೋಡೆ ದಾಟಿ ಹೊರಗಿನ ಕಡತಗಳನ್ನೂ ಕೊಟ್ಟುಬಿಡುತ್ತಿತ್ತು. ಅಕ್ಟೋಬರ್ ಮೊದಲ ವಾರದಲ್ಲಿ ದೋಷ ಬಹಿರಂಗವಾಗುವಷ್ಟರಲ್ಲಿ ದುರ್ಬಳಕೆ ಆರಂಭವಾಗಿತ್ತು. ತಿದ್ದುಪಡಿಯಾಗಿ ಬಂದ 2.4.50 ಸಹ ಸಾಲದೆ, ದಿನಗಳ ಅಂತರದಲ್ಲಿ 2.4.51 ಹೊರಬಂದಿತು.

ಆದರೆ ಆ ಆವೃತ್ತಿ ಬಳಸುತ್ತಿದ್ದವರೆಲ್ಲರೂ ತೊಂದರೆಗೆ ಒಳಗಾಗಲಿಲ್ಲ. ಮೂಲ ಕೋಶದ ಹೊರಗಿನ ಇಡೀ ಡಿಸ್ಕ್‌ಗೆ ‘ರಿಕ್ವಾಯರ್ ಆಲ್ ಡಿನೈಡ್’, ಅಂದರೆ ಎಲ್ಲರಿಗೂ ನಿರಾಕರಿಸು ಎಂಬ ಸಾಲು ಇದ್ದಲ್ಲಿ ಆ ಕಡತಗಳು ಹೊರಬೀಳಲಿಲ್ಲ. ಅಪಾಚೆಯ ಮಾದರಿ ಕಡತದಲ್ಲಿ ಆ ಸಾಲು ಇದ್ದೇ ಇರುತ್ತದೆ. ಏನೋ ಕೆಲಸ ಮಾಡುತ್ತಿಲ್ಲವೆಂದು ಅದನ್ನು ಸಡಿಲಿಸಿದ್ದವರಿಗೆ ಪೆಟ್ಟು ಬಿದ್ದಿತು. ಮೊದಲು ಎಲ್ಲವನ್ನೂ ನಿರಾಕರಿಸಿ, ಬಳಿಕ ಬೇಕಾದ್ದನ್ನು ಮಾತ್ರ ತೆರೆಯಬೇಕೆಂಬ ಸೂತ್ರದ ಹಿಂದಿನ ವಿವೇಕ ಇದು.

ಕೊನೆಗೆ ಪರೀಕ್ಷೆ

ಆದೇಶ ಬರೆದಾದ ಮೇಲೆ ಸರ್ವರ್ ಅನ್ನು ಮರುಚಾಲನೆ ಮಾಡುವ ಮುನ್ನ ಕಡತದಲ್ಲಿ ತಪ್ಪಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಎರಡೂ ತಂತ್ರಾಂಶಗಳಲ್ಲಿ ಇದಕ್ಕೆ ಪ್ರತ್ಯೇಕ ಆಜ್ಞೆ ಇದೆ. ನಂತರ ಹೊರಗಿನ ಫೋನ್ ಒಂದರಿಂದ ಮೂರು ಬಗೆಯ ವಿಳಾಸಗಳನ್ನು ಕೇಳಿ ನೋಡಬೇಕು: ಇರುವ ಕಡತ, ಇಲ್ಲದ ಕಡತ, ಮುಖಪುಟವಿಲ್ಲದ ಕೋಶ. ಕ್ರಮವಾಗಿ 200, 404, 403 ಬಂದರೆ ಆದೇಶ ಸರಿಯಾಗಿದೆ ಎನ್ನಬಹುದು. ಕೋರಿಕೆಗಳೆಲ್ಲ ಲಾಗ್ ಕಡತದಲ್ಲಿ ದಾಖಲಾಗುತ್ತವೆ. ವಾರಕ್ಕೊಮ್ಮೆಯಾದರೂ ಅದರತ್ತ ಕಣ್ಣಾಡಿಸುವುದು ಲೇಸು. ಕೋರಿಕೆ ಮತ್ತು ಉತ್ತರ ದಾರಿಯಲ್ಲಿ ಕದ್ದೋದಲಾಗದಂತೆ ಎಚ್‌ಟಿಟಿಪಿಎಸ್ ಅಳವಡಿಸಲು ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ನೀಡುತ್ತದೆ.

ಈ ಎಚ್ಚರ ಇನ್ನು ಬರೀ ತಂತ್ರಜ್ಞರ ವಿಷಯವಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ದತ್ತಾಂಶ ಸೋರದಂತೆ ಸೂಕ್ತ ಭದ್ರತೆ ವಹಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿದೆ. ಸಂಘದ ಸದಸ್ಯರ ಹೆಸರು, ವಿಳಾಸ, ಫೋನ್ ಸಂಖ್ಯೆ ಹೊರಗೆ ಬಿದ್ದ ಮೇಲೆ ಗುಮಾಸ್ತನನ್ನು ದೂರಿ ಪ್ರಯೋಜನವಿಲ್ಲ. ತಾಣ ಸಿದ್ಧವಾಯಿತೆಂದು ತಂತ್ರಜ್ಞ ಬಂದು ಹೇಳಿದಾಗ ಸಂಘದ ಕಾರ್ಯದರ್ಶಿ ಕೇಳಬೇಕಾದ ಮೊದಲ ಪ್ರಶ್ನೆ: ಇದು ಯಾವುದನ್ನು ಕೊಡುವುದಿಲ್ಲ, ತೋರಿಸಿ.