ಶಾಲು ಯಾರಿಗೆ, ಫೋಟೊ ಯಾರಿಗೆ?

2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಯಾವುದೂ ಬೇಡ. ಕೊಡಲೇಬೇಕೆನಿಸಿದರೆ ಕನ್ನಡ ಪುಸ್ತಕ ಕೊಡಿ ಎಂಬುದು ಅದರ ಸಾರ. ಆಗ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ. ಹೂ ಬೆಳೆಗಾರರು ಮುನಿಸಿಕೊಂಡರು. ಎರಡು ವರ್ಷ ತುಂಬುವುದರೊಳಗೆ ಸರ್ಕಾರವೇ ಬದಲಾಯಿತು. 2023ರ ಮೇ 20ರಂದು ಪ್ರಮಾಣವಚನ ಸ್ವೀಕರಿಸಿದ ಸಿದ್ದರಾಮಯ್ಯ ಮರುದಿನ ಹೇಳಿದ್ದೂ ಅದನ್ನೇ: ಹಾರ, ಶಾಲು ಬೇಡ, ಪುಸ್ತಕ ಕೊಡಿ. ಬೇರೆ ಯಾವುದಕ್ಕೂ ಹೊಂದದ ಎರಡು ಪಕ್ಷಗಳು ಒಪ್ಪಿಕೊಂಡ ಈ ಮಾತು ಎಷ್ಟು ಜಾರಿಯಾಗಿದೆ ಎಂದು ತಿಳಿಯಬೇಕೆ? ಯಾವುದಾದರೂ ಪತ್ರಿಕೆಯ ಜಿಲ್ಲಾ ಪುಟ ತೆರೆಯಿರಿ.

ಸುತ್ತೋಲೆ ಬರೆದವರು ನೋಡಿದ್ದು ಶಾಲು ಹೊದ್ದವರನ್ನು. ನೋಡಬೇಕಿದ್ದದ್ದು ಹೊದಿಸುವವರನ್ನು.

ಸನ್ಮಾನಿತರನ್ನು ಮೊದಲು ಕುರ್ಚಿಯಲ್ಲಿ ಕೂರಿಸುತ್ತಾರೆ. ಕೂತವರು ಏಳುವಂತಿಲ್ಲ. ರೆಡಿಮೇಡ್ ಮೈಸೂರು ಪೇಟ ತಲೆಗೆ ಸಡಿಲವೋ ಬಿಗಿಯೋ, ಕೇಳುವವರಿಲ್ಲ. ಒಂದು ಶಾಲಿನ ಅಂಚಿಗೆ ಎಂಟು ಕೈ. ಹಿಂದಿನ ಸಾಲಿನವರು ಕತ್ತು ಚಾಚಿ ಬೆರಳ ತುದಿಯನ್ನಾದರೂ ಮುಟ್ಟಿಸುತ್ತಾರೆ. ಎಂಟೂ ಜನ ನೋಡುತ್ತಿರುವುದು ಕ್ಯಾಮೆರಾವನ್ನು. ಕೂತವರ ಮುಖ ಹಾರದ ಹಿಂದೆ ಎಲ್ಲೋ ಇದೆ. ಫಲಕದಲ್ಲೂ ಅಷ್ಟೆ, ಕೊಟ್ಟವರ ಹೆಸರು ಪಡೆದವರ ಹೆಸರಿಗಿಂತ ಒಂದು ಅಳತೆ ದಪ್ಪ.

ಪಂಚರತ್ನ ರಥಯಾತ್ರೆಯಲ್ಲಿ ಕುಮಾರಸ್ವಾಮಿಯವರಿಗೆ ಕ್ರೇನ್‌ನಿಂದ ಇಳಿಬಿಟ್ಟ ಹಾರಗಳನ್ನು ನೆನಪಿಸಿಕೊಳ್ಳಿ. ಹಾರಗಳ ಲೆಕ್ಕದಿಂದಲೇ ಆ ಯಾತ್ರೆ ಇಂಡಿಯಾ ಬುಕ್ ಆಫ್ ರೆಕಾರ್ಡ್ಸ್ ಸೇರಿತು. ಕ್ರೇನ್‌ನಲ್ಲಿ ತೂಗುವ ಹಾರ ಕೊರಳಿಗೆ ಹಾಕುವುದಕ್ಕಲ್ಲ, ಪಕ್ಕದ ಊರಿನವರಿಗೆ ಕಾಣಿಸುವುದಕ್ಕೆ. ನಮ್ಮೂರಿನ ಹಾರಕ್ಕಿಂತ ಅವರದು ದೊಡ್ಡದಾಯಿತೇ ಎಂಬುದಷ್ಟೇ ಅಲ್ಲಿನ ಚಿಂತೆ.

ಗೌರವದ ಹಸಿವು ಇಂದಿನದಲ್ಲ. ಮೈಸೂರು ಮಹಾರಾಜರು ಬಿ.ಎಂ. ಶ್ರೀಕಂಠಯ್ಯನವರಿಗೆ 'ರಾಜಸೇವಾಸಕ್ತ' ಎಂದು ಬಿರುದು ಕೊಟ್ಟಿದ್ದರು. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿತು. ಆದರೆ ಅದು ಕಟ್ಟಿಹಾಕಿದ್ದು ಸರ್ಕಾರದ ಕೈಯನ್ನು. ಬಡಾವಣೆಯ ಸಂಘಗಳಿಗೆ ಆ ಕಾಟವಿಲ್ಲ. ರಾಜ್ಯೋತ್ಸವ ಪ್ರಶಸ್ತಿಗೆ ನೂಕುನುಗ್ಗಲು ಹೆಚ್ಚಾಗಿ, ಸಂಖ್ಯೆಯನ್ನು ರಾಜ್ಯದ ವಯಸ್ಸಿಗೆ ಕಟ್ಟಬೇಕಾಯಿತು: 2023ರಲ್ಲಿ 68 ಸಾಧಕರು, 2024ರಲ್ಲಿ 69. ನಾಡು ವರ್ಷಕ್ಕೆ ಸರಿಯಾಗಿ ಒಬ್ಬ ಸಾಧಕರಂತೆ ಬೆಳೆಯುತ್ತಿದೆ ಎಂದು ಹೆಮ್ಮೆಪಡಬಹುದು.

ಎಲ್ಲ ಸನ್ಮಾನವೂ ಬೂಟಾಟಿಕೆ ಎಂದರೆ ಅನ್ಯಾಯವಾದೀತು. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟರಿಗೆ ಹಳೆಯ ವಿದ್ಯಾರ್ಥಿಗಳು ಶಾಲು ಹೊದಿಸುವಾಗ ಕಣ್ಣು ಒದ್ದೆಯಾಗುವುದು ನಟನೆಯಲ್ಲ. ತೊಂದರೆ ಶುರುವಾಗುವುದು ವೇದಿಕೆಯ ಮೇಲೆ ಕುರ್ಚಿಗಳು ಹೆಚ್ಚಾದಾಗ. ಸರ್ಕಾರಿ ಕಾರ್ಯಕ್ರಮವಾದರೆ ಶಿಷ್ಟಾಚಾರದಂತೆ ಸ್ಥಳೀಯ ಶಾಸಕರದೇ ಅಧ್ಯಕ್ಷತೆ; ಆಮಂತ್ರಣದಲ್ಲಿ ಹೆಸರು ತಪ್ಪಿದರೆ ಹಕ್ಕುಚ್ಯುತಿಯ ಮಾತು ಏಳುತ್ತದೆ. ಹೆಸರು ಬಂದವರೆಲ್ಲ ಮಾತಾಡುತ್ತಾರೆ. ಯಾರ ನೆಪದಲ್ಲಿ ಸಭೆ ಸೇರಿತೋ ಆ ಸೋಬಾನೆ ಹಾಡುವ ಅಜ್ಜಿಯ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಗಿ, ನಿರೂಪಕರು 'ಎರಡೇ ಮಾತು' ಎನ್ನುತ್ತಾರೆ.

ಸಂಘಟಕರಲ್ಲಿ ಒಂದು ಬಿನ್ನಹ. ಶಾಲು ಬೇಕಿದ್ದರೆ ಹೊದಿಸಿ, ಫೋಟೊ ಬೇಕಿದ್ದರೆ ತೆಗೆಸಿಕೊಳ್ಳಿ. ಅದಕ್ಕೆ ಮೊದಲು ಅಜ್ಜಿಯ ಕೈಗೆ ಮೈಕ್ ಕೊಟ್ಟು ಒಂದು ಹಾಡು ಪೂರ್ತಿ ಕೇಳಿ. ಹೋಗುವಾಗ ಹಣ್ಣಿನ ಬುಟ್ಟಿಯ ಬದಲು ಬಸ್‌ಚಾರ್ಜು ಮತ್ತು ಹಾಡಿನ ಸಂಭಾವನೆ ಲಕೋಟೆಯಲ್ಲಿಟ್ಟು ಕೊಡಿ.