ಆ ಒಂದು ಚುಕ್ಕೆ ಚಂದ್ರನಲ್ಲಿ ಎಲ್ಲಿದೆ?

ಚಂದ್ರನ ನೆಲದ ಫೋಟೊ ಒಂದನ್ನು ಹಿಗ್ಗಿಸಿ. ಇನ್ನೂ ಹಿಗ್ಗಿಸಿ! ಕೊನೆಗೆ ಉಳಿಯುವುದು ಒಂದೇ ಒಂದು ಬೂದು ಚೌಕ. ಅದೇ ಪಿಕ್ಸೆಲ್. ಈಗ ಹೇಳಿ ನೋಡೋಣ: ಆ ಚೌಕ ಚಂದ್ರನ ಮೇಲೆ ಎಲ್ಲಿದೆ? ಅಲ್ಲಿ ರಸ್ತೆಯಿಲ್ಲ, ಮೈಲಿಗಲ್ಲಿಲ್ಲ, ಜಿಪಿಎಸ್ ಇಲ್ಲ!

ಆದರೂ ಅದರ ವಿಳಾಸ ಹೇಳಬಹುದು. ಹೇಗೆ ಅಂತೀರಾ?

ನಾಸಾದ ಎಲ್‌ಆರ್‌ಓ ನೌಕೆ 2009ರಿಂದ ಚಂದ್ರನನ್ನು ಸುತ್ತುತ್ತಿದೆ. 50 ಕಿಲೋಮೀಟರ್ ಎತ್ತರದಿಂದ ಅದರ ಸೂಕ್ಷ್ಮ ಕ್ಯಾಮೆರಾ ನೋಡಿದರೆ ಒಂದು ಪಿಕ್ಸೆಲ್‌ಗೆ ದಕ್ಕುವ ನೆಲ ಬರೀ ಅರ್ಧ ಮೀಟರ್! ಅದು ಇಡೀ ಚಿತ್ರವನ್ನು ಒಮ್ಮೆಗೇ ತೆಗೆಯುವುದೂ ಇಲ್ಲ. ಮಗ್ಗದಲ್ಲಿ ಬಟ್ಟೆ ನೇಯ್ದ ಹಾಗೆ ಒಂದೊಂದೇ ಎಳೆ. ಒಂದು ಎಳೆಗೆ 5,064 ಪಿಕ್ಸೆಲ್. ಮುಂದಿನ ಎಳೆಯ ಹೊತ್ತಿಗೆ ನೌಕೆ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಪ್ರತಿ ಎಳೆಗೂ ಹೊಸ ಲೆಕ್ಕ!

ಆ ಕ್ಷಣ ನೌಕೆ ಎಲ್ಲಿತ್ತು? ಕ್ಯಾಮೆರಾ ಯಾವ ಕಡೆ ತಿರುಗಿತ್ತು? ಅಲ್ಲಿಂದ ಒಂದು ಗೆರೆ ಎಳೆಯಿರಿ. ಅದು ನೆಲ ಮುಟ್ಟಿದ ಜಾಗವೇ ಪಿಕ್ಸೆಲ್‌ನ ವಿಳಾಸ.

ಸುಲಭ ಅನ್ನಿಸಿತೇ? ಗಡಿಯಾರ ಒಂದೇ ಒಂದು ಮಿಲಿಸೆಕೆಂಡು ತಪ್ಪಿತು ಅಂದುಕೊಳ್ಳಿ. ವಿಳಾಸ ಎಷ್ಟು ಜರುಗೀತು? ಊಹಿಸಿ! ನೌಕೆಯ ಓಟ ಸೆಕೆಂಡಿಗೆ ಸುಮಾರು 1.6 ಕಿಲೋಮೀಟರ್. ಮೂರು ಪಿಕ್ಸೆಲ್ ಆಚೆ! ಕ್ಯಾಮೆರಾ ಒಂದು ಡಿಗ್ರಿಯ ನೂರನೇ ಒಂದು ಪಾಲು ವಾಲಿದರೆ? ಸುಮಾರು ಒಂಬತ್ತು ಮೀಟರ್ ಆಚೆ!

ಚಂದ್ರನೂ ಕಾಟ ಕೊಡುತ್ತಾನೆ. ಅವನ ಗುರುತ್ವ ಎಲ್ಲೆಡೆ ಒಂದೇ ಸಮವಿಲ್ಲ; ಕೆಲವು ಕಡೆ ನೌಕೆಯನ್ನು ಹೆಚ್ಚು ಜಗ್ಗುತ್ತದೆ. 2012ರಲ್ಲಿ ಗ್ರೇಲ್ ಅವಳಿ ನೌಕೆಗಳು ಈ ಜಗ್ಗಾಟವನ್ನು ಅಳೆದುಕೊಟ್ಟವು. ಗೆರೆ ಎಲ್ಲಿ ಮುಟ್ಟೀತು ಅನ್ನುವುದು ನೆಲದ ಏರಿಳಿತದ ಮೇಲೂ ನಿಂತಿದೆ; ಅದನ್ನು ಎಲ್‌ಆರ್‌ಓದ ಲೇಸರ್ ಅಳೆಯುತ್ತದೆ, ಸೆಕೆಂಡಿಗೆ 28 ಸಲ ಮಿಡಿದು!

ಇಷ್ಟೆಲ್ಲ ಲೆಕ್ಕ ಸರಿಯೆಂದು ಒಪ್ಪಿಸುವುದು ಹೇಗೆ? ನನ್ನ ಮೈ ಜುಮ್ಮೆನಿಸಿದ್ದು ಇಲ್ಲೇ.

ಸೋವಿಯತ್ ಒಕ್ಕೂಟದ ಲೂನೋಖೋದ್-1, 1970ರಲ್ಲಿ ಚಂದ್ರನ ಮೇಲೆ ಓಡಾಡಿದ ಬಂಡಿ. ಬೆನ್ನ ಮೇಲೆ ಫ್ರಾನ್ಸಿನಲ್ಲಿ ತಯಾರಾದ, ಬೆಳಕನ್ನು ಬಂದ ದಾರಿಗೇ ಮರಳಿಸುವ ಪ್ರತಿಫಲಕ. 1971ರಲ್ಲಿ ಬಂಡಿ ಮೌನವಾಯಿತು. ಆಮೇಲೆ ಭೂಮಿಯಿಂದ ಲೇಸರ್ ಬಿಟ್ಟು ಹುಡುಕಿದ್ದೇ ಹುಡುಕಿದ್ದು. ಉತ್ತರವೇ ಇಲ್ಲ! ಹುಡುಕುತ್ತಿದ್ದ ಜಾಗವೇ ಕಿಲೋಮೀಟರ್‌ಗಟ್ಟಲೆ ತಪ್ಪಾಗಿತ್ತು.

2010ರಲ್ಲಿ ಎಲ್‌ಆರ್‌ಓ ಚಿತ್ರದ ಕೆಲವೇ ಪಿಕ್ಸೆಲ್‌ಗಳಲ್ಲಿ ಬಂಡಿ ಸಿಕ್ಕಿತು! ಏಪ್ರಿಲ್ 22ರಂದು ನ್ಯೂ ಮೆಕ್ಸಿಕೊದ ದೂರದರ್ಶಕದಿಂದ ಆ ವಿಳಾಸಕ್ಕೆ ಲೇಸರ್ ಹೊರಟಿತು. ಎರಡೂವರೆ ಸೆಕೆಂಡು. ಮೊದಲ ಯತ್ನದಲ್ಲೇ ಮರಳಿದ ಫೋಟಾನ್‌ಗಳೆಷ್ಟು ಗೊತ್ತೇ? ಸುಮಾರು 2,000! ಹತ್ತಿರ ಹತ್ತಿರ ನಾಲ್ಕು ದಶಕಗಳಾದ ಮೇಲೆ!

ಹೀಗೆ ಉತ್ತರಿಸುವ ಪ್ರತಿಯೊಂದು ಗುರುತೂ ಸುತ್ತಲಿನ ಪಿಕ್ಸೆಲ್‌ಗಳ ಲೆಕ್ಕ ತಾಳೆ ನೋಡುವ ಗಟ್ಟಿ ಬಿಂದು. ಅಂಥದ್ದೊಂದು ನಮ್ಮದೂ ಇದೆ! ಬೆಂಗಳೂರಿನಿಂದ ನಿಯಂತ್ರಿಸಿ ಇಳಿಸಿದ ಚಂದ್ರಯಾನ-3ರ ವಿಕ್ರಮ್ ಮೇಲೆ ನಾಸಾದ ಪುಟ್ಟ ಪ್ರತಿಫಲಕ ಕೂತಿದೆ. ಅಗಲ ಕೇವಲ ಐದು ಸೆಂಟಿಮೀಟರ್, ಒಳಗೆ ಎಂಟು ಪ್ರಿಸಮ್. 2023ರ ಡಿಸೆಂಬರ್ 12ರಂದು 100 ಕಿಲೋಮೀಟರ್ ದೂರದಲ್ಲಿ ಓಡುತ್ತಿದ್ದ ಎಲ್‌ಆರ್‌ಓ ಅದಕ್ಕೆ ಲೇಸರ್ ಗುರಿಯಿಟ್ಟಿತು. ಬೆಳಕು ಮರಳಿ ಬಂದೇಬಿಟ್ಟಿತು! ವಿಕ್ರಮ್‌ನ ಬ್ಯಾಟರಿ ಆರಿ ತಿಂಗಳುಗಳೇ ಆಗಿದ್ದವು. ಪ್ರಿಸಮ್‌ಗೆ ಬ್ಯಾಟರಿ ಬೇಕೇ ಇಲ್ಲ. ಇನ್ನೂ ಎಷ್ಟೋ ದಶಕ ಅದು ಕೇಳಿದಾಗಲೆಲ್ಲ ಉತ್ತರ ಕೊಡಬಲ್ಲದು!