ನಿಮಿರು ದೌರ್ಬಲ್ಯ: ವೈದ್ಯರಿಗೆ ಹೇಳಲೇಬೇಕಾದ ಮಾತು

ಲೈಂಗಿಕ ಕ್ರಿಯೆಗೆ ಸಾಕಾಗುವಷ್ಟು ಶಿಶ್ನ ನಿಮಿರದಿರುವುದು, ನಿಮಿರಿದರೂ ಹೆಚ್ಚು ಹೊತ್ತು ನಿಲ್ಲದಿರುವುದು ಮೂರು ತಿಂಗಳಾದರೂ ಸರಿಹೋಗದಿದ್ದರೆ ಅದು ನಿಮಿರು ದೌರ್ಬಲ್ಯ. ಬೆಂಗಳೂರಿನ ಸಿಂಗಸಂದ್ರದಿಂದ ಎಲೆಕ್ಟ್ರಾನಿಕ್ ಸಿಟಿಗೆ ನೈಟ್ ಶಿಫ್ಟ್‌ಗೆ ಹೋಗಿಬರುವವರಿಗೆ ನಿದ್ದೆಗೆಟ್ಟ ದಿನ, ಯಾರಿಗೇ ಆಗಲಿ ಕುಡಿತ ಹೆಚ್ಚಾದ ದಿನ, ಒಮ್ಮೊಮ್ಮೆ ಹೀಗಾಗುವುದು ಕಾಯಿಲೆಯಲ್ಲ. ಶೀಘ್ರಸ್ಖಲನ, ಆಸಕ್ತಿ ಕುಂದುವುದು, ಮಕ್ಕಳಾಗದಿರುವುದು ಬೇರೆ ಬೇರೆ ತೊಂದರೆಗಳು. ಅವುಗಳ ಚಿಕಿತ್ಸೆಯೂ ಬೇರೆ.

ಉದ್ರೇಕವಾದಾಗ ನರಗಳ ತುದಿಯಿಂದಲೂ ರಕ್ತನಾಳಗಳ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆ. ಅದರಿಂದ ನಾಳಗಳ ಸ್ನಾಯು ಸಡಿಲಗೊಂಡು, ಸ್ಪಂಜಿನಂಥ ಅಂಗಾಂಶಕ್ಕೆ ರಕ್ತ ನುಗ್ಗುತ್ತದೆ; ರಕ್ತ ಹೊರಗೆ ಹರಿಯುವ ಸಿರೆಗಳು ಒತ್ತಡಕ್ಕೆ ಸಿಕ್ಕಿ ಮುಚ್ಚಿಕೊಳ್ಳುತ್ತವೆ. ರಕ್ತನಾಳಗಳಲ್ಲಿ ಈ ಅನಿಲದ ಪಾತ್ರವನ್ನು ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ನಿಮಿರು ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷ.

ಶಿಶ್ನದ ಅಪಧಮನಿಯ ಅಗಲ 1ರಿಂದ 2 ಮಿ.ಮೀ.; ಹೃದಯದ ಅಪಧಮನಿಯದು 3ರಿಂದ 4 ಮಿ.ಮೀ. ಸಕ್ಕರೆ ಕಾಯಿಲೆ, ಬಿಪಿ, ಕೊಬ್ಬು, ಸಿಗರೇಟು ಎರಡನ್ನೂ ಒಟ್ಟಿಗೇ ಹಾಳುಮಾಡುತ್ತವೆಯಾದರೂ ಕಿರಿದಾದ ನಾಳ ಮೊದಲು ಸೋಲುತ್ತದೆ. ಎದೆನೋವು ಕಾಣಿಸಿಕೊಳ್ಳುವ ಎರಡು-ಮೂರು ವರ್ಷ ಮೊದಲೇ ಹಲವರಲ್ಲಿ ನಿಮಿರುವಿಕೆ ಕುಂದಿರುತ್ತದೆ. ನಲವತ್ತರ ಆಸುಪಾಸಿನವರು ಇದನ್ನು ಮಲಗುವ ಕೋಣೆಯ ಗುಟ್ಟೆಂದು ಮುಚ್ಚಿಡುವುದು ನಿಜಕ್ಕೂ ಅಪಾಯಕಾರಿ.

ಕಾರಣ ದೇಹದಲ್ಲಿದೆಯೋ ಮನಸ್ಸಿನಲ್ಲಿದೆಯೋ ಎಂಬುದಕ್ಕೆ ಒಂದು ಸುಳಿವಿದೆ. ಆರೋಗ್ಯವಂತರಲ್ಲಿ ರಾತ್ರಿ ನಿದ್ದೆಯಲ್ಲಿ ಮೂರರಿಂದ ಐದು ಬಾರಿ ತಾನಾಗಿಯೇ ನಿಮಿರುತ್ತದೆ. ಬೆಳಗಿನ ಜಾವ ನಿಮಿರುವುದು ಹಾಗೇ ಉಳಿದು, ಸಂಗಾತಿಯ ಜೊತೆ ಮಾತ್ರ ಆಗದಿದ್ದರೆ ಆತಂಕ, ಖಿನ್ನತೆ, ಕೆಲಸದ ಒತ್ತಡದ ಪಾಲು ಹೆಚ್ಚು. ಬೆಳಗಿನದೂ ಮೆಲ್ಲಗೆ ನಿಂತುಹೋದರೆ ರಕ್ತನಾಳ, ನರ ಅಥವಾ ಹಾರ್ಮೋನಿನ ಕಡೆ ನೋಡಬೇಕು. ಎರಡೂ ಬೆರೆತಿರುವುದೇ ಸಾಮಾನ್ಯ.

ವೈದ್ಯರ ಬಳಿ ಬಹಳ ಜನ "ಸುಸ್ತು", "ವೀಕ್‌ನೆಸ್" ಎಂದಷ್ಟೇ ಹೇಳಿ ಟಾನಿಕ್ ಬರೆಸಿಕೊಂಡು ಎದ್ದುಬಿಡುತ್ತಾರೆ. "ಡಾಕ್ಟ್ರೇ, ನಾಲ್ಕು ತಿಂಗಳಿಂದ ಸರಿಯಾಗಿ ನಿಮಿರ್ತಾ ಇಲ್ಲ" ಎಂಬ ಒಂದು ವಾಕ್ಯ ಸಾಕು. ಉಳಿದದ್ದನ್ನು ಅವರೇ ಕೇಳುತ್ತಾರೆ. ಯಾವಾಗ ಶುರುವಾಯಿತು, ಬೆಳಗ್ಗೆ ಹೇಗಿರುತ್ತದೆ, ಕುಡಿತ ಸಿಗರೇಟು ಎಷ್ಟು ಎಂಬುದಕ್ಕೆ ಉತ್ತರ ಗೊತ್ತಿರಲಿ. ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು ಒಯ್ಯಲೇಬೇಕು, ಏಕೆಂದರೆ ಬಿಪಿ ಮತ್ತು ಖಿನ್ನತೆಯ ಕೆಲವು ಔಷಧಗಳಿಂದಲೂ ಹೀಗಾಗುತ್ತದೆ. ಹಾಗೆಂದು ಅವನ್ನು ತಾವೇ ನಿಲ್ಲಿಸಬಾರದು. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಯ ಜೊತೆಗೆ ಬೆಳಗಿನ ಹೊತ್ತು ಟೆಸ್ಟೋಸ್ಟಿರಾನ್ ನೋಡುವುದುಂಟು.

ಮೆಡಿಕಲ್ ಶಾಪಿನಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಲ್ಡೆನಾಫಿಲ್ ಮಾರುವುದು ಕಾನೂನಿಗೆ ವಿರುದ್ಧ, ಕೊಳ್ಳುವುದು ಜೀವಕ್ಕೆ ಅಪಾಯ. ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ನುಂಗಿದರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಸಾಯಬಹುದು. ಗಿಡಮೂಲಿಕೆಯದೆಂದು ಮಾರುವ ಗುಳಿಗೆಗಳಲ್ಲೂ ಇದೇ ಔಷಧವನ್ನು ಗುಟ್ಟಾಗಿ ಬೆರೆಸಿದ್ದು ಪತ್ತೆಯಾಗಿದೆ.

ಮೊದಲ ತಪಾಸಣೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲೇ ಆಗಬಹುದು. ಹೃದಯದ ಅನುಮಾನ ಬಂದರೆ ಜಯದೇವ ಹೃದ್ರೋಗ ಆಸ್ಪತ್ರೆಗೆ ಮೆಟ್ರೋದಲ್ಲೇ ಹೋಗಬಹುದು; ಸಿಂಗಸಂದ್ರ ಮತ್ತು ಜಯದೇವ ಆಸ್ಪತ್ರೆ ಎರಡೂ 2025ರ ಆಗಸ್ಟ್‌ನಲ್ಲಿ ತೆರೆದ ಹಳದಿ ಮಾರ್ಗದ ನಿಲ್ದಾಣಗಳೇ. ಮನಸ್ಸಿನ ಕಳವಳಕ್ಕೆ ಮುಖ ತೋರಿಸದೆ ಕನ್ನಡದಲ್ಲೇ ಮಾತಾಡಬೇಕೆನ್ನುವವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅದಕ್ಕೆ ಹಣ ಕೊಡಬೇಕಿಲ್ಲ.